ನೀವು ಓದೋದು ಯಾವ ಭಾಷೆಯಲ್ಲಿ?

ಊರು ಕಾಸರಗೋಡು ಅಂದ ಕೂಡಲೇ ಬೆಂಗಳೂರು ಕಡೆಯವರು ಕೇಳುವ ಪ್ರಶ್ನೆ ಇದು. "ಅಲ್ಲೆಲ್ಲ ಮಲಯಾಳ ಅಲ್ವಾ? ಮತ್ತೆ ನೀವು ಓದೋದು ಯಾವ ಭಾಷೆಯಲ್ಲಿ?" ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಶುರುಮಾಡಿ ಉತ್ತರ ಹೇಳಿದರೆ ಕೇಳಿದವರಿಗೆ ಆಕಳಿಕೆ ಬರುತ್ತದೆ. ನೋಡಿದ್ದೇನೆ. ಅದಕ್ಕೇ ಈ ಮಳೆಗಾಲದಲ್ಲಿ ಓದಿ ಖುಷಿಪಟ್ಟ ಮೂರು ಪುಸ್ತಕಗಳ ಕತೆ ಹೇಳುತ್ತೇನೆ.

ಒಂದು, ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್'. ಇಂಗ್ಲಿಷಿನ ಚಿತ್ರಕತೆ, 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದದ್ದು. ನಾಜಿಗಳ ಕೈಯಿಂದ ಬದುಕಿ ಬಂದ ಅಪ್ಪನ ಕತೆಯನ್ನು ಮಗ ಕೇಳಿ ಬರೆದಿದ್ದಾನೆ. ಯಹೂದಿಗಳೆಲ್ಲ ಇಲಿಗಳು, ಜರ್ಮನರು ಬೆಕ್ಕುಗಳು.

ಇಲಿ ನನಗೆ ಹಳೇ ಪರಿಚಯ. ಶಾಲೆಗೆ ಹೋಗುವಾಗ ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನೇ ನನ್ನ ಹೀರೋ. ಪಕ್ಕದ ಮನೆಯ ಹುಡುಗ ಅದೇ ಇಲಿಯ ಕತೆಯನ್ನು ಮಲಯಾಳದಲ್ಲಿ ಓದುತ್ತಿದ್ದ. ಅವನಿಗೆ ಅದು ಡಿಂಕನ್. ಯಾವ ಹೆಸರು ಸರಿ ಅಂತ ಬೇಲಿಯ ಆಚೆ ಈಚೆ ನಿಂತು ಎಷ್ಟು ಜಗಳ ಆಡಿದ್ದೇವೋ. (ಮೂಲ ಮಲಯಾಳದ್ದೇ. ಈಗ ಒಪ್ಪಿಕೊಳ್ಳುತ್ತೇನೆ.) ಡಿಂಗನ ಲೋಕದಲ್ಲಿ ಇಲಿಯೇ ಗೆಲ್ಲುತ್ತಿತ್ತು. ಈ ಪುಸ್ತಕದಲ್ಲಿ ಹಾಗೆ ಯಾರೂ ಹಾರಿ ಬಂದು ಕಾಪಾಡುವುದಿಲ್ಲ.

ನನಗೆ ಅಂಟಿಕೊಂಡದ್ದು ಆ ಅಪ್ಪನ ಮಾತು. ಅಮೆರಿಕದಲ್ಲಿ ಕೂತು ಮಗನಿಗೆ ಕತೆ ಹೇಳುವಾಗ ಅವನದು ಹರುಕು ಇಂಗ್ಲಿಷ್. ಕತೆಯ ಒಳಗೆ, ಪೋಲೆಂಡಿನಲ್ಲಿ, ಅದೇ ಮನುಷ್ಯ ನೀಟಾಗಿ ಮಾತಾಡುತ್ತಾನೆ. ಯಾಕೆಂದರೆ ಅಲ್ಲಿ ಅವನು ತನ್ನ ಭಾಷೆಯಲ್ಲಿದ್ದಾನೆ. ಎಲ್ಲೂ ವಿವರಣೆ ಇಲ್ಲ, ಓದುತ್ತಾ ಹೋದಂತೆ ಹೊಳೆಯುತ್ತದೆ. ಮತ್ತೆ ಅವನ ಜುಗ್ಗತನ! ತೆರೆದ ಪ್ಯಾಕೆಟನ್ನೂ ಅಂಗಡಿಗೆ ವಾಪಸು ಕೊಟ್ಟು ಬರುತ್ತಾನೆ. ರಸ್ತೆಯಲ್ಲಿ ಬಿದ್ದ ತಂತಿ ಎತ್ತಿಕೊಳ್ಳುತ್ತಾನೆ. ನಮ್ಮ ದೊಡ್ಡಪ್ಪನೂ ಹೀಗೇ. ನಕ್ಕುಬಿಟ್ಟೆ, ಮುಂದಿನ ಪುಟಕ್ಕೆ ನಕ್ಕದ್ದಕ್ಕೆ ನಾಚಿಕೆ ಆಯಿತು.

ಅದು ಮುಗಿಸಿದ ಮೇಲೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮತ್ತೆ ಓದಿದೆ. ಮೂರನೇ ಸಲ. ಸಾರಾ ಇದೇ ಊರಿನವರು, ಮನೆಮಾತು ಮಲಯಾಳ, ಬರೆದದ್ದು ಕನ್ನಡದಲ್ಲಿ. ಪುಸ್ತಕದ ನಾಯಕಿ ನಾದಿರಾ ಮಾತಾಡುವುದೂ ಕನ್ನಡವೇ. ನನ್ನ ಕಿವಿಗೆ ಮಾತ್ರ ಅದರ ಅಡಿಯಲ್ಲಿ ಬಸ್‌ಸ್ಟ್ಯಾಂಡಿನ ಮಲಯಾಳ ಕೇಳಿಸುತ್ತಿತ್ತು. ಮೊದಲೆರಡು ಸಲ ಇದು ಗಮನಕ್ಕೇ ಬಂದಿರಲಿಲ್ಲ. ಆಗೆಲ್ಲ ಮಗಳ ಸಂಸಾರ ಮುರಿದ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡೇ ಪುಸ್ತಕ ಮುಗಿಸಿದ್ದೆ. ಈ ಸಲ ಬಾಯಿ ಬಿಡಲಾಗದ ಅಮ್ಮ ಫಾತಿಮ್ಮಳೇ ಜಾಸ್ತಿ ಕಾಡಿದಳು. ಕತೆ ಏನಾಗುತ್ತದೆ ಅಂತ ಹೇಳುವುದಿಲ್ಲ, ಓದಿ.

ಮೂರನೆಯದು ಬಿ.ಜಿ.ಎಲ್. ಸ್ವಾಮಿ ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಆ ಕಡೆಯಿಂದ ಬಂದು ನಮ್ಮ ಅಡುಗೆಮನೆ ಸೇರಿದ ಗಿಡಗಳ ಕತೆ. ಸ್ವಾಮಿ ಸಸ್ಯಶಾಸ್ತ್ರದ ಮೇಷ್ಟ್ರು, ಆದರೆ ಪಾಠದ ವಾಸನೆ ಹೊಡೆಯುವುದಿಲ್ಲ. ಓದುತ್ತಾ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ನಾವಿಲ್ಲಿ ಕಾಳುಮೆಣಸಿಗೆ ಒಳ್ಳೆಮೆಣಸು ಅನ್ನುತ್ತೇವೆ. ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ನಲ್ಲಮುಳಗ್. ಮೂರಕ್ಕೂ ಒಂದೇ ಅರ್ಥ. ಪೋರ್ಚುಗೀಸರು ಬಂದ ಮೇಲೆ ಕೆಂಪು ಮೆಣಸೂ ಬಂದು ಮೆಣಸು ಅನ್ನುವ ಹೆಸರನ್ನೇ ಹೊಡೆದುಕೊಂಡಿತು. ಪಾಪ, ಹಳೇ ಮೆಣಸಿಗೆ 'ಒಳ್ಳೆ' ಅಂತ ಸೇರಿಸಬೇಕಾಯಿತು.

ಈ ಸಂಶೋಧನೆಯನ್ನು ಅಮ್ಮನಿಗೆ ಓದಿ ಹೇಳಿದೆ. ಮೆಣಸಿನ ಮಾತು ಒಪ್ಪಿದರು. ಗೇರುಮರವೂ ಬ್ರೆಜಿಲಿನದ್ದು ಅಂದಾಗ ಮಾತ್ರ ಹಠ ಹಿಡಿದರು. "ನಮ್ಮ ಗುಡ್ಡೆಯ ಗೇರು ಪರದೇಶದ್ದಾ? ನಿನಗೆ ಬೇರೆ ಕೆಲಸ ಇಲ್ಲ."

ಪುಸ್ತಕ ಈಗ ಅವರ ದಿಂಬಿನ ಪಕ್ಕ ಇದೆ. ಅರ್ಧಕ್ಕೆ ಗುರುತಿಗೆ ಒಂದು ಮಡಲಿನ ಕಡ್ಡಿ. ಕೇಳಿದರೆ, ತಪ್ಪು ಹುಡುಕುತ್ತಿದ್ದೇನೆ ಅನ್ನುತ್ತಾರೆ.