ಡಬ್ಬದ ಮೇಲೆ 150 ವ್ಯಾಟ್, ಕೈಪಿಡಿಯಲ್ಲಿ 90: ಎವಿ ರಿಸೀವರ್ ಅಳೆದು ನೋಡುವ ಬಗೆ

ಎವಿ ರಿಸೀವರ್ ಅಂದರೆ ಟಿವಿ, ಪ್ಲೇಯರ್‌ಗಳ ಸದ್ದನ್ನು ಹೋಮ್ ಥಿಯೇಟರಿನ ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ. ಒಂದೇ ರಿಸೀವರ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಚಾನೆಲ್‌ಗೆ (ಒಂದು ಸ್ಪೀಕರ್‌ಗೆ ಹೋಗುವ ದಾರಿಗೆ) 150 ವ್ಯಾಟ್ ಅಂತಿರುತ್ತದೆ, ಕೈಪಿಡಿಯ ಕೊನೆಯ ಪುಟದಲ್ಲಿ 90. ಎರಡೂ ಸುಳ್ಳಲ್ಲ. 150 ಅನ್ನುವುದು 6 ಓಮ್ ಲೋಡಿಗೆ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆ), 1 ಕಿಲೋಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ಒಂದೇ ಚಾನೆಲ್ ದುಡಿಸಿ, ಶೇ 1ರಷ್ಟೋ ಕೆಲವೊಮ್ಮೆ ಶೇ 10ರಷ್ಟೋ ಡಿಸ್ಟಾರ್ಷನ್ (ಸದ್ದಿನ ವಿರೂಪ) ಒಪ್ಪಿಕೊಂಡು ಅಳೆದ ಲೆಕ್ಕ. 90 ಅನ್ನುವುದು 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ದುಡಿಯುವಾಗ, ಶೇ 0.1ಕ್ಕಿಂತ ಕಡಿಮೆ ಡಿಸ್ಟಾರ್ಷನ್‌ನಲ್ಲಿ ಸಿಕ್ಕಿದ್ದು. ಎರಡು ಮಾದರಿಗಳನ್ನು ಹೋಲಿಸುವಾಗ ಈ ಎರಡನೆಯ ಲೆಕ್ಕವನ್ನು ಮಾತ್ರ ನೋಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್ ವ್ಯಾಟ್ ಹೇಳುವ ಬಗ್ಗೆ 1974ರಲ್ಲೇ ನಿಯಮ ಮಾಡಿತ್ತು. ಹಾಗಾಗಿ ಅಂಗಡಿಯವರು ಕೊಟ್ಟ ಕಾಗದದಲ್ಲಿ ಅಳತೆಯ ಷರತ್ತು ಇಲ್ಲದಿದ್ದರೆ ಕಂಪನಿಯ ಅಮೆರಿಕದ ಜಾಲತಾಣದಲ್ಲಿ ಅದೇ ಮಾದರಿ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಪೂರ್ತಿ ಷರತ್ತಿನ ಸಮೇತ ಸಿಗುತ್ತದೆ.

ಏಳು ಚಾನೆಲ್‌ನ ರಿಸೀವರ್‌ನಲ್ಲಿ ಏಳೂ ಒಟ್ಟಿಗೆ ದುಡಿದರೆ? ಒಳಗಿರುವ ಟ್ರಾನ್ಸ್‌ಫಾರ್ಮರ್ ಒಂದೇ, ಅದೇ ಎಲ್ಲರಿಗೂ ಹಂಚಬೇಕು. ಮಧ್ಯಮ ಬೆಲೆಯ ಪೆಟ್ಟಿಗೆಯಲ್ಲಿ ಆಗ ಒಂದೊಂದು ಚಾನೆಲ್‌ಗೆ ಸಿಗುವುದು ಆ 90ರ ಅರ್ಧದ ಆಸುಪಾಸಿಗೆ ಇಳಿಯುವುದು ಮಾಮೂಲು. ಇದಕ್ಕೆ ಗಾಬರಿ ಬೇಡ, ಸಿನಿಮಾದಲ್ಲಿ ಏಳೂ ಸ್ಪೀಕರ್ ಒಂದೇ ಗಳಿಗೆಯಲ್ಲಿ ಪೂರ್ಣ ಶಕ್ತಿ ಕೇಳುವುದು ತೀರಾ ಅಪರೂಪ. ಕೆಲವರು ಹಿಂಬದಿ ಫಲಕದಲ್ಲಿ 500 ವ್ಯಾಟ್ ಅಂತ ಇರುವುದನ್ನು ತೋರಿಸಿ ‘ಇಷ್ಟು ಒಳಗೆ ಹೋದರೆ ಅಷ್ಟು ಹೊರಗೆ ಹೇಗೆ ಬರುತ್ತೆ’ ಅಂತ ವಾದ ಹೂಡುತ್ತಾರೆ. ಆ ಸಂಖ್ಯೆ ಪೂರ್ಣ ಶಕ್ತಿಯಲ್ಲಿ ಅಳೆದದ್ದಲ್ಲ, ಸಾಧಾರಣ ಬಳಕೆಯ ಲೆಕ್ಕ. ಆ ವಾದ ನಿಲ್ಲುವುದಿಲ್ಲ. ಅದಕ್ಕಿಂತ ತೂಕ ಒಳ್ಳೆಯ ಸುಳಿವು: ಒಂದೇ ಬೆಲೆಯ, ಒಂದೇ ಬಗೆಯ ಎರಡು ಪೆಟ್ಟಿಗೆಗಳಲ್ಲಿ ಒಂದು ಎರಡು ಕಿಲೋ ಹೆಚ್ಚು ತೂಗಿದರೆ ಆ ತೂಕ ಬಹುಪಾಲು ಟ್ರಾನ್ಸ್‌ಫಾರ್ಮರ್ ಮತ್ತು ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ನದು.

ಅಷ್ಟಕ್ಕೂ ನಿಮಗೆ ಬೇಕಾದದ್ದು ಎಷ್ಟು? ಸ್ಪೀಕರ್ ಸಂವೇದನೆ 88 ಡೆಸಿಬೆಲ್ ಅಂದುಕೊಳ್ಳಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಸಿಗುವ ಸದ್ದು. ಸೋಫಾ 3 ಮೀಟರ್ ದೂರದಲ್ಲಿದ್ದರೆ, ಗೋಡೆಗಳು ವಾಪಸ್ ಕೊಡುವುದನ್ನೂ ಸೇರಿಸಿ ಸುಮಾರು 82 ಉಳಿಯುತ್ತದೆ. ಮನೆಯಲ್ಲಿ ಮಾತು 75 ಡೆಸಿಬೆಲ್ ಆಸುಪಾಸಿನಲ್ಲಿ ಕೇಳುವಷ್ಟು ವಾಲ್ಯೂಮ್ ಇಟ್ಟರೆ, ಸ್ಫೋಟದ ದೃಶ್ಯದ ಎತ್ತರಕ್ಕೆ ಇನ್ನು 20 ಸೇರಿಸಿ 95 ಬೇಕು. ಅದು 82ಕ್ಕಿಂತ 13 ಹೆಚ್ಚು, ಅಂದರೆ 20 ವ್ಯಾಟ್. ಅಷ್ಟೇ! ಚಿತ್ರಮಂದಿರದ ರೆಫರೆನ್ಸ್ ಮಟ್ಟವಾದ 105 ಬೇಕೆಂದರೆ ಮಾತ್ರ 200 ವ್ಯಾಟ್ ಆಗುತ್ತದೆ. ಸ್ಪೀಕರ್ 85 ಡೆಸಿಬೆಲ್‌ನದಾದರೆ ಈ ಎರಡು ಸಂಖ್ಯೆಗಳೂ ದುಪ್ಪಟ್ಟು. 90ರಿಂದ 150 ವ್ಯಾಟಿಗೆ ಏರಿದರೂ ಕಿವಿಗೆ ಸಿಗುವುದು ಎರಡು ಡೆಸಿಬೆಲ್ ಚಿಲ್ಲರೆ. ಆ ವ್ಯತ್ಯಾಸಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡುವುದಕ್ಕಿಂತ ಸಂವೇದನೆ ಹೆಚ್ಚಿರುವ ಸ್ಪೀಕರ್ ತೆಗೆದುಕೊಳ್ಳುವುದು ಲಾಭ.

ಹಾಗಾದರೆ ದುಡ್ಡು ಎಲ್ಲಿ ಸುರಿಯಬೇಕು? ನಮ್ಮ ಅಭಿಪ್ರಾಯದಲ್ಲಿ ರೂಮ್ ಕರೆಕ್ಷನ್ ಮೇಲೆ, ಅಂದರೆ ಜೊತೆಗೆ ಬರುವ ಮೈಕಿನಿಂದ ಕೋಣೆಯ ಸದ್ದನ್ನು ಅಳೆದು ರಿಸೀವರ್ ತಾನೇ ತಿದ್ದಿಕೊಳ್ಳುವ ಸೌಲಭ್ಯದ ಮೇಲೆ. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಕಾರ್ಪೆಟ್ ಇಲ್ಲದ ನಮ್ಮ ಹಾಲ್‌ಗಳಲ್ಲಿ ಬಾಸ್ ಒಂದು ಮೂಲೆಯಲ್ಲಿ ಗುಮ್ಮೆನ್ನುತ್ತದೆ, ಸೋಫಾದಲ್ಲಿ ಕಾಣೆಯಾಗುತ್ತದೆ. ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಾವೋ, ಆಂಕ್ಯೊದ ಹಲವು ಮಾದರಿಗಳಲ್ಲಿ ಡಿರಾಕ್ ಇರುತ್ತದೆ. ಆಡಿಸ್ಸಿಯಲ್ಲೇ ಮೂರು ದರ್ಜೆ: ಮಲ್ಟ್‌ಈಕ್ಯೂ, ಎಕ್ಸ್‌ಟಿ, ಎಕ್ಸ್‌ಟಿ32. ಬಾಸ್ ವಿಷಯದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಅಜಗಜಾಂತರ, ಏಕೆಂದರೆ ಸಬ್‌ವೂಫರ್‌ನ (ಬಾಸ್‌ಗೆಂದೇ ಇರುವ ಸ್ಪೀಕರ್, ಚುಟುಕಾಗಿ ಸಬ್) ಏರುಪೇರನ್ನು ತಿದ್ದಲು ಬೇಕಾದ ಸೂಕ್ಷ್ಮತೆ ಕೆಳಗಿನ ದರ್ಜೆಯಲ್ಲಿ ಇಲ್ಲ.

ಅಳತೆ ಮಾಡುವಾಗ ಮೈಕನ್ನು ಸೋಫಾದ ಮೇಲಿಟ್ಟರೆ ಕೆಟ್ಟಿತು. ಹಿಂಬದಿ ಕುಶನ್‌ನಿಂದ ಪ್ರತಿಫಲಿಸಿದ ಸದ್ದು ಮೈಕಿಗೆ ಬಿದ್ದು ಟ್ವೀಟರ್‌ನ (ತಾರಸ್ವರದ ಪುಟ್ಟ ಸ್ಪೀಕರ್) ಲೆಕ್ಕ ತಪ್ಪುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಕೂತಾಗ ಕಿವಿ ಬರುವ ಎತ್ತರಕ್ಕೆ, ಮೈಕಿನ ಮೂತಿ ಮೇಲ್ಛಾವಣಿಗೆ ತಿರುಗಿರಲಿ. ಮೊದಲ ಅಳತೆ ಮುಖ್ಯ ಜಾಗದಲ್ಲೇ ಆಗಬೇಕು, ಸ್ಪೀಕರ್‌ಗಳ ದೂರ ಮತ್ತು ಮಟ್ಟ ಲೆಕ್ಕ ಹಾಕುವುದು ಅದರಿಂದ. ಉಳಿದ ಅಳತೆಗಳನ್ನು ಅದರ ಸುತ್ತ ಒಂದೊಂದು ಅಡಿ ಸರಿಸಿ ತೆಗೆಯಿರಿ. ಫ್ಯಾನ್, ಫ್ರಿಜ್ ಆರಿಸಿ. ಫ್ಯಾನ್ ಗಾಳಿ ಮೈಕಿಗೆ ತಾಗಿದರೆ ಬಾಸ್ ಅಳತೆ ದಂಡ.

ಮುಗಿದ ಮೇಲೆ ಫಲಿತಾಂಶವನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಸಬ್‌ವೂಫರ್ ಮಟ್ಟ -12 ಡೆಸಿಬೆಲ್‌ಗೆ ತಾಗಿ ನಿಂತಿದ್ದರೆ ರಿಸೀವರ್ ತಗ್ಗಿಸುವ ಮಿತಿ ಮುಟ್ಟಿದೆ ಎಂದರ್ಥ. ಸಬ್‌ನ ಹಿಂದಿನ ಗೇನ್ ಗುಂಡಿ ಇಳಿಸಿ ಮತ್ತೆ ಅಳೆಯಿರಿ. ಸಬ್‌ನ ದೂರ ನಿಜಕ್ಕಿಂತ ಒಂದೆರಡು ಮೀಟರ್ ಹೆಚ್ಚು ತೋರಿಸಿದರೆ ಅದನ್ನು ಮುಟ್ಟಬೇಡಿ. ಸಬ್ ಒಳಗಿನ ಸರ್ಕ್ಯೂಟ್ ಮಾಡುವ ವಿಳಂಬವನ್ನು ಯಂತ್ರ ದೂರವಾಗಿ ಲೆಕ್ಕ ಹಾಕಿರುತ್ತದೆ. ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿದ್ದರೆ ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ (ಯಾವ ಸ್ವರಕ್ಕಿಂತ ಕೆಳಗಿನದು ಸಬ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ಗೆ ಇಡಿ. ಆಗ ಶಕ್ತಿ ತಿನ್ನುವ ಬಾಸ್ ಭಾರ ಸಬ್‌ನ ಸ್ವಂತ ಆಂಪ್ಲಿಫೈಯರ್‌ಗೆ ಹೋಗಿ ರಿಸೀವರ್ ಉಸಿರಾಡುತ್ತದೆ. ಯಂತ್ರ 80ಕ್ಕಿಂತ ಮೇಲೆ ಸೂಚಿಸಿದ್ದರೆ ಇಳಿಸಬೇಡಿ, ಸ್ಪೀಕರ್ ಅದಕ್ಕಿಂತ ಕೆಳಗೆ ಹೋಗುವುದಿಲ್ಲವೆಂದೇ ಅದರ ತೀರ್ಪು.

ಚಾನೆಲ್ ಲೆಕ್ಕದಲ್ಲಿ ಮೋಸ ಹೋಗುವ ಜಾಗ ಒಂದಿದೆ. 7.2 (ಏಳು ಸ್ಪೀಕರ್, ಎರಡು ಸಬ್) ಎಂದು ಬರೆದ ರಿಸೀವರ್‌ನಲ್ಲಿ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಹಾಕಿದರೆ ಸಿಗುವುದು 5.1.2: ಸುತ್ತ ಐದು, ಒಂದು ಸಬ್, ಮೇಲೆ ಎರಡು. ಮೇಲ್ಛಾವಣಿಗೆ ನಾಲ್ಕು ಬೇಕಿದ್ದರೆ ಒಂಬತ್ತು ಆಂಪ್ಲಿಫೈಯರ್ ಬೇಕು. ‘.2’ ಅನ್ನುವುದೂ ಅಗ್ಗದ ಮಾದರಿಗಳಲ್ಲಿ ಬರೀ ಒಂದೇ ಸಬ್ ಸಂಕೇತವನ್ನು ಎರಡು ಜ್ಯಾಕಿಗೆ ಕವಲೊಡೆಸಿದ್ದು. ಎರಡು ಸಬ್‌ಗಳ ವಿಳಂಬವನ್ನು ಬೇರೆಬೇರೆಯಾಗಿ ತಿದ್ದಲು ಆಗುವುದಿಲ್ಲ. ಮುಂದೆ ಬೇರೆ ಪವರ್ ಆಂಪ್ ಸೇರಿಸುವ ಯೋಚನೆ ಇದ್ದರೆ ಹಿಂಬದಿಯಲ್ಲಿ ಅದಕ್ಕೆ ಸಂಕೇತ ಕೊಡುವ ಪ್ರೀ-ಔಟ್ ಜ್ಯಾಕ್‌ಗಳಿವೆಯೇ ನೋಡಿಕೊಳ್ಳಿ.

ಎಚ್‌ಡಿಎಂಐ ವಿಚಾರ ಚುಟುಕಾಗಿ. ಟಿವಿಯ ಆ್ಯಪ್‌ಗಳಿಂದ ಬರುವ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪದಲ್ಲಿ ಇರುವುದರಿಂದ ಸಾಮಾನ್ಯವಾಗಿ ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲಿನಲ್ಲೇ ರಿಸೀವರ್‌ಗೆ ವಾಪಸ್ ಕಳಿಸುವ ಹಳೆಯ ಆರ್ಕ್ ಸಾಕು. ಬ್ಲೂ-ರೇಯ ನಷ್ಟವಿಲ್ಲದ ಟ್ರೂಎಚ್‌ಡಿ ಸದ್ದು ಟಿವಿ ಮೂಲಕ ಬರಬೇಕಾದರೆ ಮಾತ್ರ ಅದರ ಹೊಸ ರೂಪವಾದ ಇ-ಆರ್ಕ್ ಬೇಕು. ಗೇಮ್ ಕನ್ಸೋಲ್ ಇರುವವರು 4ಕೆ 120 (ಸೆಕೆಂಡಿಗೆ 120 ಚಿತ್ರ) ಪರೀಕ್ಷಿಸಿಯೇ ತೆಗೆದುಕೊಳ್ಳಿ. 2020ರಲ್ಲಿ ಬಂದ ಮೊದಲ ಪೀಳಿಗೆಯ ಎಚ್‌ಡಿಎಂಐ 2.1 ರಿಸೀವರ್‌ಗಳಲ್ಲಿ ಕೆಲವಕ್ಕೆ ಚಿಪ್ ದೋಷದಿಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆ ಪರದೆ ಕಪ್ಪಾಗುತ್ತಿತ್ತು. ಆ ವರ್ಷದ ಮಾದರಿಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಮಲ್ಟಿಮೀಟರ್, ಒಂದು ಜೊತೆ ಅಗ್ಗದ ಸ್ಪೀಕರ್, ಎಚ್‌ಡಿಎಂಐ ಕೇಬಲ್, ಲ್ಯಾಪ್‌ಟಾಪ್ ಒಯ್ಯಿರಿ. ಸ್ಪೀಕರ್ ಜೋಡಿಸದೆ ಆನ್ ಮಾಡಿ. ಕೆಲವು ಸೆಕೆಂಡಿನಲ್ಲಿ ಸ್ಪೀಕರ್ ದಾರಿ ತೆರೆಯುವ ರಿಲೇ ಸ್ವಿಚ್ ‘ಟಕ್’ ಎನ್ನಬೇಕು. ದೀಪ ಮಿನುಗಿ ತಾನೇ ಆರಿದರೆ ಪ್ರೊಟೆಕ್ಷನ್‌ಗೆ (ತನ್ನನ್ನು ಉಳಿಸಿಕೊಳ್ಳಲು ತಾನೇ ಆರುವ ಸ್ಥಿತಿಗೆ) ಹೋಗಿದೆ. ಸ್ಪೀಕರ್ ತಂತಿಯೇ ಇಲ್ಲದಾಗಲೂ ಹೀಗಾದರೆ ದೋಷ ಒಳಗಿನದು, ವಾಪಸ್ ಬನ್ನಿ. ರಿಲೇ ಕೂತ ಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ ಪ್ರತಿ ಚಾನೆಲ್‌ನ ಕೆಂಪು ಕಪ್ಪು ಟರ್ಮಿನಲ್ ನಡುವೆ ಡಿಸಿ ಮಿಲಿವೋಲ್ಟ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ಒಂದೇ ಚಾನೆಲ್ ಮಿಕ್ಕವಕ್ಕಿಂತ ತುಂಬಾ ಹೆಚ್ಚು ತೋರಿಸಿದರೆ ಆ ಚಾನೆಲ್‌ನ ಟ್ರಾನ್ಸಿಸ್ಟರ್‌ಗಳ ಮೇಲೆ ಅನುಮಾನ. ಆಮೇಲೆ ಸ್ಪೀಕರ್ ಹಾಕಿ ಟೆಸ್ಟ್ ಟೋನ್‌ನಲ್ಲಿ ಒಂದೊಂದೇ ಚಾನೆಲ್ ಕೇಳಿ. ಎಚ್‌ಡಿಎಂಐನ ಎಲ್ಲ ಇನ್‌ಪುಟ್‌ಗಳಿಗೂ ಲ್ಯಾಪ್‌ಟಾಪ್ ಸಿಕ್ಕಿಸಿ, ಪ್ರತಿಯೊಂದನ್ನೂ. ಕೊನೆಗೆ ಎಲ್ಲ ಚಾನೆಲ್ ಸ್ಟೀರಿಯೊದಲ್ಲಿ ಅರ್ಧ ಗಂಟೆ ಜೋರಾಗಿ ಬಿಡಿ, ಏಕೆಂದರೆ ಬಿಸಿಗೆ ಸೊರಗುವ ಎಚ್‌ಡಿಎಂಐ ಬೋರ್ಡ್ ತಣ್ಣಗಿರುವಾಗ ಸಾಧುವಾಗಿ ವರ್ತಿಸುತ್ತದೆ. ಮೈಕ್ ಕೇಳಿ ಪಡೆಯಿರಿ. ಅದು ಆ ಮಾದರಿಗೆ ಹೊಂದಿಸಿದ್ದು, ಬೇರೆ ಮೈಕ್ ಹಾಕಿದರೆ ಅಳತೆಗೆ ಅರ್ಥವಿಲ್ಲ.

ತಂತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 1.5 ಚದರ ಮಿಮೀ ತಾಮ್ರದ ತಂತಿಯನ್ನು 10 ಮೀಟರ್ ಎಳೆದರೆ ಹೋಗಿಬರುವ ಒಟ್ಟು ರೋಧ ಸುಮಾರು 0.24 ಓಮ್, 8 ಓಮ್ ಸ್ಪೀಕರ್‌ಗೆ ಇದು ನಗಣ್ಯ. 4 ಓಮ್‌ನದಾದರೆ 2.5 ಚದರ ಮಿಮೀ ಹಾಕಿ. ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಸಡಿಲ ಬಿಟ್ಟ ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಪ್ರೊಟೆಕ್ಷನ್ ಬೀಳುತ್ತದೆ. ಮೆನುವಿನಲ್ಲಿ 4 ಅಥವಾ 6 ಓಮ್ ಆಯ್ಕೆ ಕಂಡರೆ 8ರಲ್ಲೇ ಬಿಡಿ. ಕೆಳಗಿನ ಆಯ್ಕೆ ಶಾಖ ತಗ್ಗಿಸಲೆಂದು ಆಂಪ್ಲಿಫೈಯರ್‌ಗೆ ಸಿಗುವ ವೋಲ್ಟೇಜನ್ನೇ ಕಡಿತ ಮಾಡುತ್ತದೆ. ಬಾಗಿಲು ಹಾಕಿದ ಟಿವಿ ಯೂನಿಟ್ ಒಳಗೆ ಇಟ್ಟರೆ ಎಂಥ ರಿಸೀವರ್ ಕೂಡ ಬೇಗ ಸಾಯುತ್ತದೆ. ಮೇಲೆ ಕನಿಷ್ಠ ಅಂಗೈ ಅಗಲದಷ್ಟು ಜಾಗ, ಹಿಂದೆ ಗಾಳಿ ಹೋಗುವ ದಾರಿ ಇರಲಿ. ಸ್ಪೀಕರ್‌ನಲ್ಲಿ ಗುಂಯ್ ಸದ್ದು ಬಂದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಡಿಶ್ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥ್ ಲೂಪ್, ಅಂದರೆ ಎರಡು ಕಡೆ ಅರ್ಥ್ ಆಗಿ ನಡುವೆ ಹರಿಯುವ ಕರೆಂಟಿನ ಕಾಟ. ಕರೆಂಟ್ ಹೋದಾಗ ಮಾತ್ರ ಟ್ರಾನ್ಸ್‌ಫಾರ್ಮರ್ ಗುಯ್‌ಗುಟ್ಟಿದರೆ ಸ್ಕ್ವೇರ್ ವೇವ್ ಇನ್ವರ್ಟರ್‌ನ ಕೆಲಸ, ರಿಸೀವರ್‌ಗೆ ಸೈನ್ ವೇವ್‌ನದೇ ಬೇಕು.

ಅಮೆರಿಕದಿಂದ ವಾಪಸಾಗುವಾಗ ಅಲ್ಲಿನ ರಿಸೀವರ್ ಹೊತ್ತು ತರುವವರಿಗೆ ಒಂದು ಮಾತು. ಹಿಂಬದಿಯಲ್ಲಿ 120 ವೋಲ್ಟ್ 60 ಹರ್ಟ್ಸ್ ಎಂದಷ್ಟೇ ಇದ್ದರೆ ನೇರ ಪ್ಲಗ್ಗಿಗೆ ಹಾಕಿದ ಕ್ಷಣವೇ ಸುಡುತ್ತದೆ. 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಫಲಕದಲ್ಲಿ 500 ವ್ಯಾಟ್ ಇದ್ದರೆ 1000 ವಿಎ ಸಾಮರ್ಥ್ಯದ್ದು. ವೋಲ್ಟೇಜ್ ಸರಿಹೋದರೂ 50 ಹರ್ಟ್ಸ್ ಬದಲಾಗುವುದಿಲ್ಲ, 60ಕ್ಕೆಂದು ಕಟ್ಟಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕೇ 120 ಕೊಡುವುದಕ್ಕಿಂತ 110 ಕೊಡುವುದು ಮೇಲು. ಇಷ್ಟೆಲ್ಲ ಸೇರಿಸಿ ವಿಮಾನದ ಲಗೇಜಿನ ತೂಕವನ್ನೂ ಲೆಕ್ಕ ಹಾಕಿದರೆ ಅಲ್ಲೇ ಮಾರಿ ಬರುವುದು ವಾಸಿ. ಸ್ಪೀಕರ್‌ಗಳನ್ನು ಮಾತ್ರ ತನ್ನಿ, ಸ್ವಂತ ಆಂಪ್ಲಿಫೈಯರ್ ಇಲ್ಲದವಕ್ಕೆ ವೋಲ್ಟೇಜಿನ ಗೊಡವೆ ಇಲ್ಲ.