ಕೋಲ್ಮಾರ್‌ನಲ್ಲಿ ಆತುರ ಬೇಡ

ಫ್ರಾನ್ಸ್ ಅಂದ ಕೂಡಲೇ ಎಲ್ಲರೂ ಪ್ಯಾರಿಸ್‌ಗೆ ಓಡುತ್ತಾರೆ. ನನ್ನನ್ನು ಕೇಳಿದರೆ, ರಜೆಯಲ್ಲಿ ಅರ್ಧವನ್ನಾದರೂ ಪೂರ್ವ ಫ್ರಾನ್ಸ್‌ನ ಆಲ್ಸಾಸ್ ಪ್ರಾಂತ್ಯದ ಹಳೇ ಊರುಗಳಿಗೆ ಇಟ್ಟುಕೊಳ್ಳಿ. ಅಲ್ಲಿನ ದೊಡ್ಡ ನಗರ ಸ್ಟ್ರಾಸ್‌ಬರ್ಗ್‌ನಲ್ಲಿ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಗೆ ಕೋಲ್ಮಾರ್.

ಇಲ್ಲಿನ ಮನೆಗಳನ್ನು ಹತ್ತಿರ ನಿಂತು ನೋಡಬೇಕು. ದಪ್ಪ ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಜೋಡಿಸಿ, ನಡುವಿನ ಜಾಗಕ್ಕೆ ಮಣ್ಣು ತುಂಬಿ ಗಾರೆ ಬಳಿದಿದ್ದಾರೆ. ಕೆಲವು ಕಡೆ ತೊಲೆ ಬಾಗಿದೆ, ಕಿಟಕಿಯೂ ಅದರ ಜೊತೆ ವಾಲಿದೆ, ಆದರೂ ಜನ ಅಲ್ಲೇ ಆರಾಮಾಗಿ ಬಾಳುತ್ತಿದ್ದಾರೆ. 1537ರ ಫಿಸ್ಟರ್ ಮನೆಯನ್ನು ಕಟ್ಟಿಸಿದ್ದು ಒಬ್ಬ ಟೋಪಿ ವ್ಯಾಪಾರಿ. ಗೋಡೆಯ ಮೇಲೆಲ್ಲ ಚಿತ್ರ!

ಕಾಲುವೆ ಬದಿಯ ಫೋಟೋ ಎಲ್ಲರೂ ತೆಗೆಯುತ್ತಾರೆ, ಅದಿರಲಿ. ಉಂಟರ್‌ಲಿಂಡನ್ ಮ್ಯೂಸಿಯಂ ಮಾತ್ರ ತಪ್ಪಿಸಬೇಡಿ. ಅಲ್ಲಿರುವ ಇಸೆನ್‌ಹೈಮ್ ಬಲಿಪೀಠದ (ಕ್ರೈಸ್ತರ ಪೂಜಾಪೀಠದ) ಚಿತ್ರಗಳನ್ನು ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ. ಕೆಟ್ಟ ಧಾನ್ಯ ತಿಂದು ಮೈಯೆಲ್ಲ ಉರಿಯುವ ರೋಗ ಬಂದವರನ್ನು ನೋಡಿಕೊಳ್ಳುತ್ತಿದ್ದ ಮಠಕ್ಕಾಗಿ ಮಾಡಿದ್ದು ಅದು. ಶಿಲುಬೆಯ ಮೇಲಿನ ಏಸುವಿನ ಮೈ ತುಂಬ ಹುಣ್ಣು, ಬೆರಳುಗಳು ನೋವಿಗೆ ಸೆಟೆದುಕೊಂಡಿವೆ. ತಮ್ಮ ನೋವೇ ದೇವರ ಮೈಮೇಲೂ ಇದೆ ಅಂತ ಆ ರೋಗಿಗಳಿಗೆ ಅನ್ನಿಸಿರಬೇಕು, ಅಲ್ವಾ? ನನಗೆ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಪಕ್ಕದ ಎಗಿಸೈಮ್ ಇನ್ನೂ ಪುಟ್ಟದು. ಊರಿನ ಬೀದಿಗಳು ಸುತ್ತು ಸುತ್ತಾಗಿವೆ, ಸುಮ್ನೆ ನಡೆಯುತ್ತಾ ಹೋದರೆ ಹೊರಟಲ್ಲಿಗೇ ಬರುತ್ತೀರಿ. ಊರು ದಾಟಿದರೆ ದ್ರಾಕ್ಷಿ ತೋಟಗಳು.

ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆಗೆ ಜನ ಜಾಸ್ತಿ. ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ.