ದಸರಾ ಎಕ್ಸಿಬಿಷನ್‌ನಲ್ಲಿ ಕೊಲಂಬಸ್ ಹತ್ತುವ ಮುನ್ನ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ವೇಗದಿಂದ ಬರುವ ಚಲನ ಶಕ್ತಿ, ಎತ್ತರದಿಂದ ಬರುವ ಪ್ರಚ್ಛನ್ನ ಶಕ್ತಿ ಎರಡೂ ತಲೆಗೆ ಹತ್ತುತ್ತಿಲ್ಲ ಎಂದು ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಅವಳನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಮಧ್ಯಾಹ್ನ ಮಂಡ್ಯದಲ್ಲಿ ರೈಲು ಹತ್ತಿದೆ. ಮೈಸೂರು ಸ್ಟೇಷನ್ನಿನಿಂದ ದೊಡ್ಡಕೆರೆ ಮೈದಾನಕ್ಕೆ ಆಟೊ. ದಸರಾ ಮುಗಿದ ಮೇಲೂ ಎಕ್ಸಿಬಿಷನ್ ಹಲವು ವಾರ ಇರುತ್ತದೆ, ಜಂಬೂಸವಾರಿಯ ನೂಕುನುಗ್ಗಲಿನಲ್ಲೇ ಹೋಗಬೇಕೆಂದಿಲ್ಲ.

ಚುರುಮುರಿ, ಹಪ್ಪಳ ಎಲ್ಲ ಆಮೇಲೆ. ಮೊದಲು ಕೊಲಂಬಸ್, ಅಂದರೆ ಜೋಕಾಲಿಯಂತೆ ತೂಗುವ ದೊಡ್ಡ ಹಡಗು. ಹತ್ತುವ ಮುಂಚೆ ಹಡಗಿನ ಅಡಿಯಲ್ಲಿ ತಿರುಗುವ ಟೈರನ್ನು ಮಕ್ಕಳಿಗೆ ತೋರಿಸಿ. ಹಡಗು ಮೇಲೆ ಹಾದಾಗಲೆಲ್ಲ ಅದು ಒಂದಿಷ್ಟು ತಳ್ಳುತ್ತದೆ, ಜೋಕಾಲಿಯನ್ನು ಹದ ನೋಡಿ ನೂಕಿದ ಹಾಗೆ. ಆ ಶಕ್ತಿಯೇ ಸೇರುತ್ತ ಸೇರುತ್ತ ಎತ್ತರವಾಗುತ್ತದೆ, ಇಳಿಯುವಾಗ ವೇಗವಾಗುತ್ತದೆ.

"ತುಂಬ ಜನ ಹತ್ತಿದ್ರೆ ಇನ್ನೂ ಜೋರಾಗಿ ಇಳೀತದಾ ಮಾವ?" ಎಂದಳು. ಇಲ್ಲ. ತೂಕ ಹೆಚ್ಚಿದರೆ ಎರಡೂ ಶಕ್ತಿ ಒಂದೇ ಪಾಲಿನಲ್ಲಿ ಹೆಚ್ಚುತ್ತವೆ, ವೇಗ ಬದಲಾಗುವುದಿಲ್ಲ. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ 5 ಮೀಟರ್ ಇಳಿದಾಗ ಸೆಕೆಂಡಿಗೆ ಸುಮಾರು 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಕ್ಯೂನಲ್ಲಿ ನಿಂತೇ ಬೆರಳು ಮಡಚಿ ಲೆಕ್ಕ ಮಾಡಿದಳು. ಆ ಕ್ಷಣಕ್ಕೇ ಟಿಕೆಟ್ಟಿನ ದುಡ್ಡು ಸಾರ್ಥಕ ಅನ್ನಿಸಿತು ನನಗೆ.

ಹೊಟ್ಟೆಯಲ್ಲಿ ಜುಂ ಅನ್ನುವುದು ತುದಿಯ ಸೀಟುಗಳಲ್ಲಿ ಹೆಚ್ಚು. ಅವು ಎಲ್ಲಕ್ಕಿಂತ ಮೇಲೇರಿ, ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತವೆ. ಆಗ ಸೀಟು ನಮ್ಮನ್ನು ಮೇಲಕ್ಕೆ ಒತ್ತುವುದು ತೀರ ಕಡಿಮೆಯಾಗುತ್ತದೆ. ಹೆದರುವ ಮಕ್ಕಳಿದ್ದರೆ ನಡುವಿನ ಸಾಲು ಹಿಡಿಯಿರಿ.

ಡ್ಯಾಷಿಂಗ್ ಕಾರಿನ ವಿಷಯದಲ್ಲಿ ಮಾತ್ರ ನನ್ನಿಂದ ತಪ್ಪಾಯಿತು. ಹುಡುಗ ಸ್ಟೇರಿಂಗಿನ ಮೇಲೆ ಬಾಗಿ ಕೂತಿದ್ದ, ನಾನು ಹೇಳಲಿಲ್ಲ. ಎದುರಾಎದುರು ಗುದ್ದಿದೆವು. ಎರಡು ಕಾರಿಗೂ ಬಿದ್ದ ಪೆಟ್ಟು ಒಂದೇ, ಆದರೆ ಅವನ ಕಡೆ ಭಾರ ಕಡಿಮೆ. ನನ್ನ ಕಾರು ನಿಧಾನವಾಯಿತು, ಅವನದು ಹಿಂದಕ್ಕೆ ಪುಟಿಯಿತು. ಕಾರು ಹಿಂದಕ್ಕೆ ಹೋದರೂ ಅವನ ಮೈ ಮುಂದಕ್ಕೇ ಹೋಗಿ ತುಟಿ ಒಡೆದು ರಕ್ತ ಬಂತು. ಸುತ್ತಲಿನ ರಬ್ಬರು ಡಿಕ್ಕಿಯನ್ನು ಕೊಂಚ ಹೊತ್ತು ಹಿಗ್ಗಿಸಿ ಪೆಟ್ಟನ್ನು ತಗ್ಗಿಸುತ್ತದೆ, ಆದರೆ ಅದು ಕಾಯುವುದು ಬೆನ್ನು ಆನಿಸಿ ಕೂತವರನ್ನು. ಬೆಲ್ಟ್ ಬಿಗಿ ಇರಲಿ, ನಾಲಿಗೆ ಹಲ್ಲಿನ ನಡುವೆ ಸಿಗದಂತೆ ಬಾಯಿ ಮುಚ್ಚಿರಲಿ, ಚಿಕ್ಕವರನ್ನು ದೊಡ್ಡವರ ಜೊತೆಗೇ ಕೂರಿಸಿ.

ಭಾನುವಾರ ಹೋಗುವವರು ಏಳು ಗಂಟೆಗೆ ಸ್ವಲ್ಪ ಮುಂಚೆಯೇ ಜಯಂಟ್ ವೀಲ್ ಸಾಲಿಗೆ ಸೇರಿಕೊಳ್ಳಿ. ಮೇಲಿರುವಾಗಲೇ ಅರಮನೆಯ ದೀಪ ಹತ್ತಿದರೆ ಮಕ್ಕಳು ಕಿರುಚುವುದನ್ನೂ ಮರೆಯುತ್ತಾರೆ. ವಾಪಸು ರೈಲಿನ ಸಮಯ ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.